ಏಡಿಗೆ ಬೆಲೆ ಬರುವ ಅರ್ಧ ದಿನ

ಮಾರ್ಚ್ ೩, ಸೋಮವಾರ

ಈ ನೋಟ್‌ಬುಕ್ ಅಣ್ಣ ಮೋಮಿಯದು. ಡೀಸೆಲ್ ಲೆಕ್ಕ ಬರೆಯುತ್ತೇನೆ ಎಂದು ಮೋಮಿ ಎರಡು ವರ್ಷದ ಹಿಂದೆ ತಂದು ಗುಡಿಸಲಲ್ಲಿ ಇಟ್ಟಿದ್ದ. ಒಂದು ಪುಟವೂ ಬರೆದಿಲ್ಲ. ಮೊನ್ನೆ ಶನಿವಾರ ಕಾರ್ನಿವಲ್ ಗದ್ದಲದಲ್ಲಿ, ಎಪ್ಪತ್ತಮೂರನೆಯ ವಯಸ್ಸಿನಲ್ಲಿ, ಬಾರಿನ ಮೇಜು ಹತ್ತಿ ಕುಣಿದು ಸೊಂಟ ಮುರಿದುಕೊಂಡು ಆಸ್ಪತ್ರೆ ಸೇರಿದ್ದಾನೆ. ಫೋನು ಮಾಡಿದ್ದ. ನರ್ಸುಗಳು ಚೆನ್ನಾಗಿದ್ದಾರಂತೆ, ಸೂಪು ಬಿಸಿ ಇರುವುದಿಲ್ಲವಂತೆ.

ಏಡಿ ಕಾಲ ಶುರುವಾಗುವ ವಾರವೇ ಬೇಕಿತ್ತೇ ಇವನಿಗೆ ಬೀಳಲು? ಅದರಲ್ಲೂ ಈ ವರ್ಷ. ಮೀನುಗಾರರ ಸಂಘದವರು ಹೊಸ ನಿಯಮ ತಂದಿದ್ದಾರೆ. ಈಸ್ಟರ್ ಹಿಂದಿನ ಶನಿವಾರದೊಳಗೆ ಸಂಘದ ತಕ್ಕಡಿಯಲ್ಲಿ ಮೂರೂವರೆ ಸಾವಿರ ಯೂರೋ ಬೆಲೆಯ ಏಡಿ ತೂಗದವನ ಜಾಗ ಕಪ್ಪೆಚಿಪ್ಪು ಸಾಕುವವರಿಗೆ ಹೋಗುತ್ತದೆ. ಕಿಲೋ ಎಷ್ಟು ಎಂದು ನೋಡುವುದಿಲ್ಲ, ಬೆಲೆ ಎಷ್ಟು ಎಂದು ನೋಡುತ್ತಾರೆ. ನಮ್ಮ ಜಾಗ ಎಂದರೆ ವೆನಿಸ್ ಹತ್ತಿರದ ಹಿನ್ನೀರಿನ ನಡುವೆ ಗೂಟಗಳ ಮೇಲೆ ನಿಂತ ಈ ಗುಡಿಸಲು, ಸುತ್ತ ನೀರಿಗೆ ಇಳಿಬಿಟ್ಟ ಹದಿನಾಲ್ಕು ಮರದ ಪೆಟ್ಟಿಗೆ. ಗೂಟ ಅಜ್ಜ ಹೊಡೆದದ್ದು, ಗೋಡೆ ಅಪ್ಪ ಕಟ್ಟಿದ್ದು. ಇದು ಹೋದರೆ ಅರವತ್ತೆಂಟನೆಯ ವಯಸ್ಸಿನಲ್ಲಿ ನಾನೇನು ಪ್ರವಾಸಿಗರಿಗೆ ಐಸ್‌ಕ್ರೀಮ್ ಮಾರಲೇ?

ಒಬ್ಬನಿಂದ ಆಗುವ ಕೆಲಸವಲ್ಲ. ಒಬ್ಬರು ದೋಣಿ ಹಿಡಿಯಬೇಕು, ಒಬ್ಬರು ಬಲೆ ಎತ್ತಬೇಕು. ಮೋಮಿ ಮಲಗಿದಲ್ಲಿಂದಲೇ ಏರ್ಪಾಡು ಮಾಡಿದ್ದಾನೆ, ತನ್ನ ಹೆಂಡತಿಯನ್ನು ಕಳಿಸುತ್ತಾನಂತೆ. ಅವಳೊಡನೆ ನಾನು ಮಾತು ಬಿಟ್ಟು ಹನ್ನೊಂದು ವರ್ಷವಾಯಿತು. ಅಪ್ಪನ ದೋಣಿಯನ್ನು ನನ್ನನ್ನೊಂದು ಮಾತು ಕೇಳದೆ ಜರ್ಮನ್ ಹೋಟೆಲಿನವನಿಗೆ ಮಾರಿದವಳು. ಅವನು ಅದರಲ್ಲಿ ಮಣ್ಣು ತುಂಬಿ ಜೆರೇನಿಯಂ ಬೆಳೆಸಿದ್ದಾನೆ. ಅವಳ ಹೆಸರು ರೆದೆಂತಾ. ಒಂದು ಸಲ ಬರೆದಿದ್ದೇನೆ, ಸಾಕು.

ಮಾತಾಡಲು ಮೋಮಿ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಇದು ನನಗೆ ಮಾತ್ರ.

ಮಾರ್ಚ್ ೬, ಗುರುವಾರ

ಅಣ್ಣನ ಹೆಂಡತಿ ಬೆಳಗ್ಗೆ ಐದಕ್ಕೆ ತನ್ನ ಪುಟ್ಟ ದೋಣಿಯಲ್ಲಿ ಬಂದಳು. ಮೋಮಿಯ ರಬ್ಬರ್ ಪ್ಯಾಂಟು ತೊಟ್ಟಿದ್ದಳು, ಅವಳಿಗೆ ಎದೆಯವರೆಗೆ ಬರುತ್ತದೆ. ನಾನು ನಗಲಿಲ್ಲ. ನಕ್ಕರೆ ಮಾತಾಡಿದಂತೆ ಆಗುತ್ತದೆ.

ಮಾತಿಲ್ಲದೆ ಕೆಲಸ ಹೇಗೆ ಎಂದು ರಾತ್ರಿಯೆಲ್ಲ ತಲೆ ಕೆಡಿಸಿಕೊಂಡಿದ್ದೆ. ಕೊನೆಗೆ ಗೂಟದ ಮೇಲೆ ಕೂತಿದ್ದ ಕಡಲಹಕ್ಕಿ ಸಹಾಯಕ್ಕೆ ಬಂತು.

"ಹಕ್ಕಿಯಪ್ಪಾ, ಯಾರಾದ್ರೂ ಎಡಗಡೆ ಹಗ್ಗ ಹಿಡಿದ್ರೆ ಬಲೆ ಎತ್ತಬಹುದಿತ್ತು," ಎಂದೆ.

ಅವಳೂ ಹಕ್ಕಿಯನ್ನೇ ನೋಡಿ ಹೇಳಿದಳು: "ಹಕ್ಕೀ, ಯಾರೋ ಹಗ್ಗದ ಮೇಲೇ ಕಾಲಿಟ್ಕೊಂಡು ನಿಂತಿದ್ದಾರೆ. ಕಾಲು ತೆಗೆದ್ರೆ ಹಿಡಿಯೋಣ ಅಂತ ಹೇಳು."

ಹೀಗೆ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ನಡೆಯಿತು. ಹಕ್ಕಿಗೇ ಸಾಕಾಗಿ ಎದ್ದು ಹೋಯಿತು.

ಏಡಿ ಆರಿಸುವುದು ಮಾತ್ರ ನಾನೇ. ಹೆಂಗಸು ಆರಿಸುವ ಹಲಗೆಗೆ ಕೂತರೆ ಏಡಿ ಚಿಪ್ಪು ಬಿಡುವುದಿಲ್ಲ ಎಂದು ಅಪ್ಪ ಹೇಳುತ್ತಿದ್ದರು. ಆದರೂ ಅವಳಿಗೆ ಅಂದಾಜಿರಲಿ ಎಂದು ಬಕೆಟ್ಟಿಗೆ ಪಾಠ ಹೇಳಿದೆ. ಚಿಪ್ಪು ಬಿಡುವ ಯೋಚನೆಯೇ ಇಲ್ಲದ ಏಡಿಗಳು ಹುಚ್ಚರು, ವಾಪಸು ನೀರಿಗೆ ಎಸೆಯಬೇಕು. ಎರಡು ಮೂರು ವಾರದಲ್ಲಿ ಬಿಡುವವರು ಒಳ್ಳೆಯವರು, ಅವರಿಗೆ ಬೇರೆ ಪೆಟ್ಟಿಗೆ. ಇವತ್ತೋ ನಾಳೆಯೋ ಬಿಡುವವರು ಹೊರಟವರು. ಹೊರಟವನನ್ನು ಗುರುತಿಸುವುದು ಹೊಟ್ಟೆಯ ಕಡೆ ಚಿಪ್ಪಿನ ಅಂಚಿನಲ್ಲಿ ಮೂಡುವ ಗೆರೆಯಿಂದ, ಕೂದಲೆಳೆಗಿಂತ ದಪ್ಪವಿರುವುದಿಲ್ಲ. ಹೊರಟವರ ಪೆಟ್ಟಿಗೆಗೆ ಒಬ್ಬ ಹುಚ್ಚ ಸೇರಿದರೂ ಮುಗಿಯಿತು. ಚಿಪ್ಪು ಕಳಚಿ ಬೆಣ್ಣೆಯಂತಾದ ನೆಂಟರನ್ನೆಲ್ಲ ಬೆಳಗಾಗುವುದರೊಳಗೆ ತಿಂದು ಮುಗಿಸಿರುತ್ತಾನೆ.

"ಬಕೆಟ್ಟಿಗೆ ಅರ್ಥ ಆಯ್ತಂತೆ," ಎಂದಳು.

ಮಾರ್ಚ್ ೧೧, ಮಂಗಳವಾರ

ತಕ್ಕಡಿಗೆ ಒಯ್ದದ್ದು ಐದು ಕಿಲೋ ಅರವತ್ತು ಗ್ರಾಂ. ಕಿಲೋಗೆ ಅರವತ್ತರಂತೆ ಮುನ್ನೂರ ಚಿಲ್ಲರೆ ಬಂತು. ಪರವಾಗಿಲ್ಲ.

ಈ ವರ್ಷ ಏಡಿಗಳಿಗೆ ಗೆರೆಯೇ ಸರಿಯಾಗಿ ಮೂಡುತ್ತಿಲ್ಲ. ನೀರು ಕೆಟ್ಟಿದೆ. ಬಲ್ಬೂ ಸರಿಯಿಲ್ಲ, ಸುತ್ತ ಬಣ್ಣದ ಬಳೆ ಕಟ್ಟುತ್ತದೆ. ಬದಲಾಯಿಸಿದೆ, ಹೊಸದಕ್ಕೂ ಬಳೆ. ಎಲ್ಲ ಒಂದೇ ಕಾರ್ಖಾನೆಯ ಮಾಲು.

ಬೀನ್ಸ್ ಕಾಳಿನ ಸೂಪಿಗೆ ಅಣ್ಣನ ಹೆಂಡತಿ ರೋಸ್ಮರಿ ಸೊಪ್ಪು ಹಾಕುತ್ತಾಳೆ. ಅಮ್ಮ ಹಾಕುತ್ತಿರಲಿಲ್ಲ.

ಮಾರ್ಚ್ ೧೨

ಮಂಜು. ದೋಣಿ ಗೂಟಕ್ಕೆ ಬಡಿಯುವುದರಲ್ಲಿತ್ತು, "ಹುಟ್ಟು ಒತ್ತಿ" ಎಂದು ಕಿರುಚಿದೆ. ಕಿರುಚಿದ್ದು ಮಾತಾಡಿದ ಲೆಕ್ಕಕ್ಕೆ ಬರುವುದಿಲ್ಲ. ಅವಳು ಒತ್ತಿದಳು.

ಸೂಪಿನಲ್ಲಿ ರೋಸ್ಮರಿ ಇರಲಿಲ್ಲ. ತೀರಿಹೋಗಿರಬೇಕು.

ಮಾರ್ಚ್ ೧೯, ಬುಧವಾರ

ಈ ಪೆನ್ಸಿಲ್ ಕಂಪನಿಯವರು ಸೀಸಕ್ಕೆ ಏನು ಬೆರೆಸುತ್ತಾರೋ, ಬರೆದದ್ದು ಬರೆದ ಹಾಗೇ ಅಳಿಸಿಹೋಗುತ್ತದೆ. ಪೆಟ್ಟಿಗೆಗೆ ನಂಬರು ಹಾಕುವ ಕಪ್ಪು ಮಾರ್ಕರ್ ತೆಗೆದುಕೊಂಡೆ. ಪುಟಕ್ಕೆ ಎಂಟೇ ಸಾಲು ಹಿಡಿಯುತ್ತದೆ. ಇರಲಿ, ಪುಸ್ತಕ ಮೋಮಿಯದು.

ಸಂಘದ ತಕ್ಕಡಿಯ ಫೌಸ್ತೊ ದಡದಲ್ಲಿ ಕೆಂಪು ಕೋಟು ಹಾಕಿಕೊಂಡು ನಿಂತಿದ್ದ. ಕೈ ಬೀಸಿದೆ. ತಿರುಗಿ ಬೀಸಲಿಲ್ಲ. ಎರಡನೇ ಸಲವೂ ಬೀಸಿದೆ. ಮೂವತ್ತು ವರ್ಷದ ಪರಿಚಯ, ಕೋಟು ಹೊಸದಾಯಿತೆಂದು ಇಷ್ಟು ಸೊಕ್ಕೇ?

ಊಟವಾದ ಮೇಲೆ ನಾನು ಅರ್ಧ ಗಂಟೆ ಮಲಗುವುದು ರೂಢಿ. ಆ ಹೊತ್ತಿನಲ್ಲಿ ಅತ್ತಿಗೆ ಪೆಟ್ಟಿಗೆಗಳ ಹತ್ತಿರ ಏನೋ ಕೈಯಾಡಿಸುತ್ತಿರುತ್ತಾಳೆ. ಪಾಚಿ ತೊಳೀತಿದ್ದೀನಿ ಅಂತ ಒಲೆಗೆ ಹೇಳಿದಳು. ತೊಳೆಯಲಿ. ಹೆಂಗಸರಿಗೆ ಸುಮ್ಮನೆ ಕೂತು ಗೊತ್ತಿಲ್ಲ.

ಇವತ್ತು ಸಂತ ಜೋಸೆಫನ ಹಬ್ಬ, ಒಣದ್ರಾಕ್ಷಿ ಹಾಕಿದ ಕಜ್ಜಾಯ ಕರಿದು ತಂದಿದ್ದಳು. ಹನ್ನೆರಡು ಇತ್ತು. ನಾನು ಎಂಟು ತಿಂದೆ, ಅವಳನ್ನು ಹೊಗಳಲಿಲ್ಲ.

ಮಾರ್ಚ್ ೨೫, ಮಂಗಳವಾರ

ಇವತ್ತು ನಗು ಬರುವ ದಿನ. ಮೀನುಗಾರಿಕೆ ಇಲಾಖೆಯಿಂದ ಒಬ್ಬ ಹುಡುಗಿ ಬಂದಿದ್ದಳು, ಕೈಯಲ್ಲಿ ಹಲಗೆಯಂಥ ಕಂಪ್ಯೂಟರು, ಕಾಲಲ್ಲಿ ಬಿಳಿ ಶೂ. ಯುರೋಪಿನ ಅಷ್ಟೂ ದೇಶಗಳಲ್ಲಿ ಹಿಡಿಯುವ ಏಡಿಯ ಬೆಲೆಯನ್ನು ಒಟ್ಟು ಹಾಕುತ್ತಿದ್ದಾರಂತೆ.

"ಅಜ್ಜಾ, ಹಸಿರು ಏಡಿ ಕಿಲೋಗೆ ಎಷ್ಟು?"

"ಯಾವಾಗ?"

"ಅಂದ್ರೆ?"

"ಗಂಟೆ ಎಷ್ಟು ಅಂತ ಹೇಳಮ್ಮ, ಬೆಲೆ ಹೇಳ್ತೀನಿ. ಈಗ ಇಲ್ಲಿ ಓಡಾಡ್ತಿದ್ದಾನಲ್ಲ, ಇವನು ಒಂದು ಯೂರೋ. ಅದೂ ಗಾಳಕ್ಕೆ ಸಿಕ್ಕಿಸೋರು ಸಿಕ್ಕಿದ್ರೆ. ಇವತ್ತು ಸಂಜೆ ಚಿಪ್ಪು ಬಿಟ್ಟ ಅನ್ನು, ಎಪ್ಪತ್ತು. ಎರಡು ಗಂಟೆ ನೀರಲ್ಲೇ ಬಿಟ್ರೆ ಅರವತ್ತು. ಬೆಳಗ್ಗೆವರೆಗೂ ಮರೆತ್ರೆ ಮೈ ಚರ್ಮದ ಹಾಗಾಗಿ ಮತ್ತೆ ಒಂದು. ಬೆಲೆ ಬರೋದು ಅರ್ಧ ದಿನ ಮಾತ್ರ."

ಹುಡುಗಿ ತನ್ನ ಹಲಗೆಯನ್ನು ತಿರುಗಿಸಿ ತೋರಿಸಿದಳು. "ಇಲ್ಲಿ ಒಂದೇ ಮನೆ ಇದೆ. ಒಂದೇ ಅಂಕೆ ಹಾಕ್ಬೇಕು. ಸರಾಸರಿ ಹೇಳಿ."

"ಸರಾಸರಿ ಏಡಿ ಅಂತ ನಾನು ಹುಟ್ಟಿದಾಗಿಂದ ನೋಡಿಲ್ಲ."

ಅತ್ತಿಗೆ ಒಲೆಯ ಹತ್ತಿರದಿಂದ, "ಮೂವತ್ತೈದು ಅಂತ ಬರ್ಕೊಳಮ್ಮ, ಆ ಬೆಲೆಗೆ ಯಾರೂ ಯಾವತ್ತೂ ಮಾರಿಲ್ಲ, ಯಾರಿಗೂ ಅನ್ಯಾಯ ಆಗಲ್ಲ," ಎಂದಳು. ಹುಡುಗಿ ಬರೆದುಕೊಂಡಳು. ಬ್ರಸೆಲ್ಸಿನಲ್ಲಿ ಇದನ್ನು ಯಾರೋ ಓದಿ ತಲೆದೂಗುತ್ತಾರೆ.

ಆಮೇಲೆ ಗೆರೆ ತೋರಿಸಿ ಎಂದಳು. ಒಬ್ಬ ಹೊರಟವನನ್ನು ಎತ್ತಿ ತೋರಿಸಿದೆ. "ಇದಾ? ಇದು ಉಗುರಿನ ಗೀರು ಇದ್ದ ಹಾಗಿದೆ," ಎಂದಳು. ಅಷ್ಟರಲ್ಲಿ ಏಡಿ ನನ್ನ ಹೆಬ್ಬೆರಳು ಕಚ್ಚಿ ಹಿಡಿಯಿತು. ಹೊರಟವರು ಸಾಮಾನ್ಯವಾಗಿ ಅಷ್ಟು ಜೋರಾಗಿ ಕಚ್ಚುವುದಿಲ್ಲ. ಇವನಿಗೆ ಸಿಟ್ಟು ಬಂದಿರಬೇಕು. ಅತ್ತಿಗೆ ಬಿಡಿಸಿದಳು, ಏಡಿಯನ್ನೊಮ್ಮೆ ತಿರುಗಿಸಿ ನೋಡಿದಳು, ನನ್ನನ್ನು ನೋಡಿದಳು.

ಇಲ್ಲಿಯವರೆಗೆ ಸಾವಿರದ ಮುನ್ನೂರು ಆಗಿದೆ.

ಮಾರ್ಚ್ ೩೧

ಈಶಾನ್ಯದ ಗಾಳಿ ಮೂರು ದಿನ. ಬಲೆಗೆ ಏನೂ ಇಲ್ಲ. ಅತ್ತಿಗೆ ಇಸ್ಪೀಟು ತಂದಿದ್ದಳು, ಎಲೆಗಳ ಮೇಲಿನ ಚಿತ್ರ ಈಗಿನವರು ಎಷ್ಟು ಮಬ್ಬಾಗಿ ಅಚ್ಚು ಹಾಕುತ್ತಾರೆ. ಕತ್ತಿಯ ರಾಜನನ್ನು ದುಡ್ಡಿನ ರಾಜ ಎಂದು ಇಳಿಸಿದೆ. ಅವಳು ಗಮನಿಸಲಿಲ್ಲ, ನಾನೇ ಗೆದ್ದೆ. ನಾಲ್ಕು ಆಟವೂ ನಾನೇ ಗೆದ್ದೆ. ಅವಳಿಗೆ ಆಟ ಬರುವುದಿಲ್ಲ, ಪಾಪ.

ಆಟಕ್ಕೆ ಬೇಕಾದಷ್ಟು ಮಾತಾಡಿದ್ದೇವೆ. ಅದಕ್ಕಿಂತ ಹೆಚ್ಚಿಲ್ಲ. ಮೋಮಿ ಮನೆಗೆ ಬಂದಿದ್ದಾನಂತೆ, ಊರುಗೋಲಿನಲ್ಲಿ ಅಡುಗೆಮನೆಯವರೆಗೆ ನಡೆದು ವೈನ್ ಬಾಟಲಿ ಮುಟ್ಟಿ ಬರುತ್ತಾನಂತೆ. ಅವಳು ಅವನ ನಡಿಗೆ ಮಾಡಿ ತೋರಿಸಿದಳು. ಗುಡಿಸಲು ಅಲುಗಾಡುವಷ್ಟು ನಕ್ಕೆ.

ಏಪ್ರಿಲ್ ೪, ಶುಕ್ರವಾರ

ಎರಡು ಸಾವಿರದ ನೂರೈವತ್ತು. ಹದಿನೈದು ದಿನ ಉಳಿದಿದೆ. ಬೇರೆಯವರ ಪೆಟ್ಟಿಗೆಗಳಲ್ಲಿ ಅರ್ಧಕ್ಕರ್ಧ ಸಾಯುತ್ತಿವೆಯಂತೆ, ನಮ್ಮವು ಒಂದೂ ಹಾಳಾಗಿಲ್ಲ. ಫೌಸ್ತೊ ತಕ್ಕಡಿಯ ಹತ್ತಿರ ಎಲ್ಲರ ಎದುರಿಗೆ ನನ್ನ ಹೆಸರು ಹಿಡಿದು, "ಸಾಂತೆಯ ಕಣ್ಣು ಅಂದ್ರೆ ಕಣ್ಣು," ಎಂದ. ಕೈ ಬೀಸದಿದ್ದಕ್ಕೆ ಅವನನ್ನು ಕ್ಷಮಿಸಿದೆ.

ಅತ್ತಿಗೆಗೆ ಇದನ್ನು ಹೇಳಿದೆ, ನೇರವಾಗಿಯೇ ಹೇಳಿದೆ, ಹೆಮ್ಮೆಯ ವಿಷಯಕ್ಕೆ ಹಕ್ಕಿಯನ್ನು ಹುಡುಕುತ್ತ ಕೂರಲಾಗುವುದಿಲ್ಲ. ಅವಳು "ಹೌದಾ" ಎಂದು ಮೆಕ್ಕೆಜೋಳದ ಹಿಟ್ಟಿನ ಪೊಲೆಂತಾ ತಿರುವುತ್ತಲೇ ಇದ್ದಳು.

ಏಪ್ರಿಲ್ ೭, ಸೋಮವಾರ

ಸಾಂತೆ,

ಇವತ್ತು ನೀನು ನಾಲ್ಕನೇ ಪೆಟ್ಟಿಗೇಲಿ ಹನ್ನೊಂದು ಹುಚ್ಚರನ್ನ ಬಿಟ್ಟಿದ್ದೆ. ನಾನು ತೆಗೆದು ಹಾಕಿದ್ದೀನಿ. ಮಾರ್ಚ್ ಆರನೇ ತಾರೀಕಿಂದ ದಿನಾ ತೆಗೀತಾನೇ ಇದ್ದೀನಿ, ಇನ್ನು ನನ್ನ ಕೈಲಿ ಆಗಲ್ಲ. ನೀನು ಮಲಗೋದು ಅರ್ಧ ಗಂಟೆ, ಅಷ್ಟರಲ್ಲಿ ಹದಿನಾಲ್ಕು ಪೆಟ್ಟಿಗೆ ಮುಗಿಯಲ್ಲ. ಏಡಿಗೆ ಗೆರೆ ಚೆನ್ನಾಗೇ ಮೂಡ್ತಿದೆ. ನಿನ್ನ ಕಣ್ಣಿಗೆ ಪೊರೆ ಬಂದಿದೆ. ನಮ್ಮಪ್ಪನಿಗೂ ಬಂದಿತ್ತು, ಅವರೂ ಬಲ್ಬನ್ನೇ ಬೈತಿದ್ರು. ಡಾಕ್ಟರಿಗೆ ತೋರಿಸು.

ನಿನ್ನ ಪುಸ್ತಕ ನಾನು ಓದಿಲ್ಲ.

ಓದಿದ್ದೀನಿ. ಬಾಗಿಲಲ್ಲಿ ನಿಂತ್ರೂ ಕಾಣತ್ತೆ, ಅಷ್ಟು ದೊಡ್ಡಕ್ಷರ. ನೀನು ಕೈ ಬೀಸಿದ ದಿನ ಫೌಸ್ತೊ ಪಾದೋವಾದಲ್ಲಿದ್ದ. ನೀನು ಕೈ ಬೀಸಿದ್ದು ದಡದ ಹೊಸ ಡೀಸೆಲ್ ಪಂಪಿಗೆ.

ರೆದೆಂತಾ

ಏಪ್ರಿಲ್ ೮

ಓದುವವರು ಓದಲಿ ಎಂದೇ ಬರೆಯುತ್ತಿದ್ದೇನೆ. ನಾಳೆಯಿಂದ ಬರುವುದು ಬೇಡ. ನನ್ನ ಕಣ್ಣು ಸರಿಯಾಗಿದೆ.

ಏಪ್ರಿಲ್ ೧೦

ಒಬ್ಬನೇ ಬಲೆ ಎತ್ತಿದೆ. ಆಗುತ್ತದೆ. ಬೆನ್ನು ಸ್ವಲ್ಪ ಹಿಡಿದುಕೊಂಡಿದೆ.

ನಲವತ್ತೆಂಟು ವರ್ಷದಿಂದ ಏಡಿ ಆರಿಸುತ್ತಿದ್ದೇನೆ. ಅಪ್ಪ ಸಾಯುವ ವರ್ಷ, "ಮೋಮಿಗೆ ತೋಳಿದೆ, ಸಾಂತೆಗೆ ಕಣ್ಣಿದೆ," ಎಂದಿದ್ದರು. ಹೆಂಡತಿಯಿಲ್ಲ, ಮಕ್ಕಳಿಲ್ಲ, ನನಗೆ ಅಂತ ಇದ್ದದ್ದು ಅದೊಂದೇ ಮಾತು. ಯಾರೋ ಬಂದು ಮಾರ್ಕರಿನಲ್ಲಿ ನಾಲ್ಕು ಸಾಲು ಬರೆದು ಅದನ್ನೂ ಕಿತ್ತುಕೊಂಡು ಹೋದರೆ ನಾನು ಸುಮ್ಮನಿರಬೇಕೇ?

ಸೂಪು ನಾನೇ ಮಾಡಿದೆ. ಉಪ್ಪಿನ ಡಬ್ಬ ಯಾವುದು ಸಕ್ಕರೆಯ ಡಬ್ಬ ಯಾವುದು ಎಂದು ಅವಳು ಬರೆದಿಟ್ಟು ಹೋಗಿಲ್ಲ.

ಏಪ್ರಿಲ್ ೧೩, ಗರಿಗಳ ಭಾನುವಾರ

ಬೆಳಗ್ಗೆ ನಾಲ್ಕನೆಯ ಪೆಟ್ಟಿಗೆ ಎತ್ತಿದೆ, ಹಗುರವಾಗಿತ್ತು. ಒಳಗೆ ಕೈಯಿಟ್ಟೆ. ಕಾಲುಗಳು. ಬರೀ ಕಾಲುಗಳು, ಮೆತ್ತಗಿನ ಚೂರುಗಳು, ಅವುಗಳ ನಡುವೆ ಹೊಟ್ಟೆ ತುಂಬಿದ ಏಳೆಂಟು ಹುಚ್ಚರು. ಐದನೆಯದೂ ಹಾಗೆ. ಆರನೆಯದೂ. ಕಣ್ಣಿಗೆ ಕಾಣದ್ದು ಬೆರಳಿಗೆ ಕಂಡಿತು. ಹತ್ತು ಕಿಲೋ ಇರಬೇಕು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಇಲ್ಲಿ ಬಾಯಿಗೇನೋ ಬಂತು, ಏಡಿಯ ಬಾಯಿಗೆ.

ದೋಣಿಯ ಅಂಚಿನಲ್ಲಿ ಕೂತು ಅತ್ತೆ. ಇದನ್ನು ಬರೆಯಲು ನಾಚಿಕೆಯಿಲ್ಲ, ಓದಲು ಈಗ ಯಾರೂ ಇಲ್ಲ.

ಇರುವುದು ಎರಡು ಸಾವಿರದ ಐನೂರು. ಇನ್ನು ಆರು ದಿನದಲ್ಲಿ ಸಾವಿರ ಬೇಕು. ಪೆಟ್ಟಿಗೆಯಲ್ಲಿ ಏನು ಉಳಿದಿದೆ ಎಂದು ನನಗೆ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳಲು ನನಗೆ ಆಗುವುದೂ ಇಲ್ಲ. ಬರೆದೆ. ನನಗೆ ಕಾಣುವುದಿಲ್ಲ.

ಏಪ್ರಿಲ್ ೧೪, ಸೋಮವಾರ

ಅವರ ಮನೆಗೆ ಹೋದೆ. ಹನ್ನೊಂದು ವರ್ಷದ ಮೇಲೆ ಆ ಮೆಟ್ಟಿಲು ಹತ್ತಿದ್ದು, ಒಂದು ಮೆಟ್ಟಿಲು ಹೆಚ್ಚಾಗಿದೆ ಅನ್ನಿಸಿತು, ಎಡವಿದೆ. ಅತ್ತಿಗೆ ಚರ್ಚಿಗೆ ಹೋಗಿದ್ದಳು. ಮೋಮಿ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದ.

"ಬಂದ್ಯಾ," ಎಂದ. "ಅವಳು ಐದು ದಿನದಿಂದ ನನ್ನ ಪ್ರಾಣ ತೆಗೀತಿದ್ದಾಳೆ. 'ಹುಚ್ಚರು ಸೇರ್ಕೊಂಡಿರ್ತಾರೆ, ಹುಚ್ಚರು ಸೇರ್ಕೊಂಡಿರ್ತಾರೆ' ಅಂತ ನಿದ್ದೇಲೂ ಅಂತಾಳೆ."

"ಸೇರ್ಕೊಂಡ್ರು," ಎಂದೆ.

ಆಮೇಲೆ ಅವನು ಊರುಗೋಲಿನಿಂದ ನೆಲ ಕೆರೆಯುತ್ತ, "ನೋಡು, ಸೊಂಟ ಮುರಿದಾಗ ಸತ್ತೇ ಹೋಗ್ತೀನಿ ಅನ್ಕೊಂಡೆ, ಒಂದು ವಿಷಯ ಹೇಳದೆ ಸಾಯ್ತೀನಲ್ಲ ಅಂತ ಹೆದರಿಕೆ ಆಯ್ತು. ಅಪ್ಪನ ದೋಣಿ ಮಾರಿದ್ದು ನಾನು," ಎಂದ.

"ಏನಂದೆ?"

"ನಾನೇ ಮಾರಿದ್ದು. ತೂತು ಬಿದ್ದಿತ್ತು, ಆ ಜರ್ಮನ್ ಒಳ್ಳೇ ಬೆಲೆ ಕೊಟ್ಟ, ನಾನು ಸಹಿ ಹಾಕ್ಬಿಟ್ಟೆ. ಆಮೇಲೆ ನಿನ್ನ ಮುಖ ನೆನೆಸ್ಕೊಂಡು ಬೆವರಿಳೀತು. ಅವಳೇ ಹೇಳಿದ್ದು, 'ರೆದೆಂತಾ ಮಾರಿದ್ಲು ಅಂತ ಹೇಳ್ಬಿಡು' ಅಂತ. 'ಅವನು ನಿನ್ ಜೊತೆ ಮಾತು ಬಿಟ್ರೆ ದೋಣಿ ನಡೆಸೋರು ಯಾರು? ನನ್ ಜೊತೆ ಬಿಟ್ರೆ ಏನ್ ನಷ್ಟ' ಅಂದ್ಲು."

ನಾನು ಅವನ ಊರುಗೋಲು ಕಿತ್ತುಕೊಂಡೆ. ಹೊಡೆಯುವುದಕ್ಕೆ ಎಂದೇ ಕಿತ್ತುಕೊಂಡೆ. ಆದರೆ ಎಪ್ಪತ್ತಮೂರು ವರ್ಷದವನನ್ನು, ಅದೂ ಕೂತವನನ್ನು ಹೊಡೆಯುವುದು ಹೇಗೆ? ಅಷ್ಟರಲ್ಲಿ ಅತ್ತಿಗೆ ಬಂದಳು. ಬಾಗಿಲಲ್ಲೇ ನಿಂತಳು.

ಅತ್ತಿಗೆಗೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದೆ. ಅದೆಲ್ಲ ಮರೆತು ಹೋಯಿತು. "ಅತ್ತಿಗೆ, ನಾಲ್ಕು, ಐದು, ಆರು ಹೋದ್ವು," ಎಂದೆ.

"ಏಳು?"

"ಗೊತ್ತಿಲ್ಲ. ನನಗೆ ಕಾಣಲ್ಲ."

ಅವಳು ಚರ್ಚಿನ ಕೋಟು ಬಿಚ್ಚಿ ರಬ್ಬರ್ ಪ್ಯಾಂಟು ಹಾಕಿಕೊಳ್ಳಲು ಒಳಗೆ ಹೋದಳು. ಹೋಗುತ್ತ, "ಅವನ ಕೋಲು ಅವನಿಗೆ ಕೊಡು. ಅದಿಲ್ದಿದ್ರೆ ವೈನ್ ಬಾಟ್ಲಿ ಸಿಗಲ್ಲ ಅವನಿಗೆ," ಎಂದಳು.

ದೋಣಿಯಲ್ಲಿ ಹೋಗುವಾಗ ದೋಣಿ ಮಾರಿದ ವಿಷಯ ಎತ್ತಿದೆ. ಗಾಳಿಯಲ್ಲಿ ಕೇಳಿಸಲಿಲ್ಲ ಎನ್ನುವಂತೆ ತಲೆ ಆಡಿಸಿದಳು. ಇನ್ನೊಮ್ಮೆ ಎತ್ತಿದೆ. "ಮುಂದೆ ಗೂಟ ಇದೆ, ಬಾಯಿ ಮುಚ್ಚಿ ಎಡಕ್ಕೆ ತಿರುಗಿಸು," ಎಂದಳು.

ಏಪ್ರಿಲ್ ೧೫

ಅತ್ತಿಗೆ ಹಲಗೆಗೆ ಕೂತಳು. ಅಪ್ಪ ಹೇಳಿದ್ದು ಸುಳ್ಳು, ಏಡಿಗಳಿಗೆ ಯಾರು ಕೂತರೂ ಒಂದೇ.

ಅವಳ ಕೈ ಎಷ್ಟು ಚುರುಕು ಎಂದರೆ ನಾನು ಬುಟ್ಟಿ ಸುರಿದು ಮುಗಿಸುವುದರೊಳಗೆ ಮೂರು ಗುಂಪು. ಎಲ್ಲಿ ಕಲಿತಿರಿ ಎಂದು ಕೇಳಿದೆ. "ಮದುವೆಯಾದ ವರ್ಷದಿಂದ ಕಲಿತಿದ್ದೀನಿ. ಮೋಮಿ ಇಲ್ಲಿ ರಾತ್ರಿ ಕಾವಲು ಅಂತ ಬಾಯಿ ಬಿಟ್ಕೊಂಡು ಮಲಗಿದಾಗ ಬೆಳಗಿನ ಪಾಳಿ ಯಾರು ಆರಿಸ್ತಿದ್ರು ಅನ್ಕೊಂಡಿದ್ದೆ? ಮೋಮಿಗೆ ಹುಚ್ಚ ಯಾವನು ಒಳ್ಳೆಯವನು ಯಾವನು ಅಂತ ಇವತ್ತಿಗೂ ಗೊತ್ತಿಲ್ಲ."

ಹಾಗಾದರೆ ನನ್ನ ಅಣ್ಣ ನಲವತ್ತು ವರ್ಷ ಇಲ್ಲಿ ಮಾಡಿದ್ದೇನು ಎಂದು ಯೋಚಿಸುತ್ತ ಬಲೆ ತೊಳೆದೆ.

ಏಪ್ರಿಲ್ ೧೭, ಗುರುವಾರ

ಬೆಲೆ ಕಿಲೋಗೆ ತೊಂಬತ್ತೆರಡು. ನಾಳೆ ಶುಭ ಶುಕ್ರವಾರ, ವೆನಿಸ್‌ನವರು ಮಾಂಸ ಮುಟ್ಟುವುದಿಲ್ಲ, ಮೆತ್ತನೆಯ ಏಡಿಯನ್ನು ಜೀವಂತ ಮೊಟ್ಟೆಯಲ್ಲಿ ಅದ್ದಿಟ್ಟು, ಅದು ಮೊಟ್ಟೆ ಕುಡಿದ ಮೇಲೆ ಎಣ್ಣೆಗೆ ಬಿಟ್ಟು ತಿಂದು ಉಪವಾಸ ಮಾಡುತ್ತಾರೆ. ಹಿನ್ನೀರಿನಲ್ಲಿ ಈ ಸಲ ಏಡಿ ಕಡಿಮೆ, ಅದಕ್ಕೇ ಈ ಬೆಲೆ. ನನ್ನ ಹುಚ್ಚರು ತಿಂದ ಹತ್ತು ಕಿಲೋ ಮಾರುಕಟ್ಟೆಗೆ ಬಂದಿದ್ದರೆ ಬೆಲೆ ಇಷ್ಟು ಏರುತ್ತಿರಲಿಲ್ಲ ಎಂದು ಅತ್ತಿಗೆಗೆ ವಿವರಿಸಿದೆ.

"ಕುಣ್ಯಕ್ಕೆ ಬಾರದವಳು ನೆಲ ಡೊಂಕು ಅಂದ್ಲಂತೆ, ನೀನು ನೆಲ ಡೊಂಕಾಗಿದ್ದೇ ಒಳ್ಳೇದಾಯ್ತು ಅಂತಿದ್ದೀಯ," ಎಂದಳು.

ಈಗ ದಿನಕ್ಕೆ ಮೂರು ಸಲ ಪೆಟ್ಟಿಗೆ ಎತ್ತುತ್ತೇವೆ. ನಾನು ಎತ್ತುತ್ತೇನೆ, ಅತ್ತಿಗೆ ನೋಡುತ್ತಾಳೆ. ಒಂದೊಂದನ್ನೂ ತೆಗೆದು ನನ್ನ ಅಂಗೈಯಲ್ಲಿ ಇಡುತ್ತಾಳೆ, ಮೆತ್ತಗಿದೆಯೋ ಗಟ್ಟಿಯಾಗುತ್ತಿದೆಯೋ ನಾನು ಹೇಳುತ್ತೇನೆ. ಬೆರಳು ಇನ್ನೂ ಮುದಿಯಾಗಿಲ್ಲ.

ಮಧ್ಯಾಹ್ನದ ನಿದ್ದೆ ನಿಲ್ಲಿಸಿದ್ದೇನೆ. ನಾನು ಮಲಗಿದರೆ ಅವಳಿಗೆ ಮಾತಾಡಲು ಯಾರಿದ್ದಾರೆ?

ಏಪ್ರಿಲ್ ೧೯, ಶನಿವಾರ

ಕೊನೆಯ ದಿನ. ಬೆಳಗ್ಗೆ ಎಣಿಸಿದಾಗ ಮುನ್ನೂರ ಎಂಬತ್ತು ಕಮ್ಮಿ ಇತ್ತು. ತಕ್ಕಡಿ ಹನ್ನೆರಡಕ್ಕೆ ಮುಚ್ಚುತ್ತದೆ. ಹತ್ತೂವರೆಗೆ ಏಳನೆಯ ಪೆಟ್ಟಿಗೆಯಲ್ಲಿ ಇನ್ನೂ ಹದಿನೈದು ಏಡಿಗಳು ಅರ್ಧ ಚಿಪ್ಪು ಬಿಚ್ಚಿಕೊಂಡು ಕೂತಿದ್ದವು, ಹಬ್ಬದ ದಿನ ಅಂಗಿ ಹಾಕಿಕೊಳ್ಳಲು ತಡಮಾಡುವ ಮಕ್ಕಳ ಹಾಗೆ. ಅತ್ತಿಗೆ ಅವುಗಳ ಮುಂದೆ ಕೂತು, "ಬಿಡ್ರೋ ಬೇಗ, ಮುಂದೆ ಒಳ್ಳೇ ಎಣ್ಣೆ ಕಾದಿದೆ," ಎಂದು ಬೇಡಿಕೊಳ್ಳುತ್ತಿದ್ದಳು. ಹನ್ನೊಂದಕ್ಕೆ ಹನ್ನೆರಡು ಬಿಟ್ಟವು. ಮೂರನ್ನು ಬಿಟ್ಟು ಹೊರಟೆವು.

ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಫೌಸ್ತೊ ತೂಗಿದ. ನಾಲ್ಕು ಕಿಲೋ ಮುನ್ನೂರು. ಕಿಲೋಗೆ ತೊಂಬತ್ತು. ಕಾಗದದ ಮೇಲೆ ಗುಣಿಸಿದ, ಮೊದಲಿನದಕ್ಕೆ ಕೂಡಿಸಿದ, ಇನ್ನೊಮ್ಮೆ ಕೂಡಿಸಿದ. ಮೂರು ಸಾವಿರದ ಐನೂರ ಏಳು. ಸುತ್ತ ನಿಂತಿದ್ದವರೆಲ್ಲ ಚಪ್ಪಾಳೆ ಹೊಡೆದರು, ಕಪ್ಪೆಚಿಪ್ಪಿನವರೂ ಹೊಡೆದರು, ಮೆಲ್ಲಗೆ.

ಫೌಸ್ತೊ ಜಾಗದ ಪತ್ರ ತೆಗೆದ. ಹತ್ತು ವರ್ಷಕ್ಕೆ ಒಂದು ಸಲ ಬರೆಯುವ ಪತ್ರ. "ಏಡಿ ಆರಿಸೋರು, ಸಾಂತೆ ಬೊಸ್ಕೊಲೊ," ಎಂದು ಹೇಳಿಕೊಳ್ಳುತ್ತ ಪೆನ್ನು ಇಳಿಸಿದ.

"ಅಲ್ಲ," ಎಂದೆ. "ರೆದೆಂತಾ ಬೊಸ್ಕೊಲೊ."

ಅವನ ಪೆನ್ನು ನಿಂತಿತು. ಅತ್ತಿಗೆ ನನ್ನ ತೋಳು ಹಿಂದಕ್ಕೆ ಎಳೆದಳು. "ಅವನ ಹೆಸರೇ ಬರಿ ಫೌಸ್ತೊ. ಕಣ್ಣಿಗೆ ಬಿಸಿಲು ಹೊಡೆದಿದೆ ಅವನಿಗೆ," ಎಂದಳು. ಎಲ್ಲರೆದುರು ನನ್ನನ್ನು ಉಳಿಸಲು ನೋಡುತ್ತಿದ್ದಳು. ನಾನು ಉಳಿಯಬೇಕಾಗಿರಲಿಲ್ಲ.

"ಬರಿ," ಎಂದೆ.

"ಬರೀತೀನಪ್ಪ. ಆದ್ರೆ ಊರಲ್ಲಿ ಅರ್ಧ ಜನ ಬೊಸ್ಕೊಲೊ. ರೆದೆಂತಾ ಬೊಸ್ಕೊಲೊಗಳೇ ನಾಲ್ಕು ಜನ ಇದ್ದಾರೆ. ಅಡ್ಡಹೆಸರು ಇಲ್ದೆ ಪತ್ರ ನಡೆಯಲ್ಲ. ಇವರದ್ದೇನು? ಮೋಮಿಯ ಹೆಂಡತಿ ಅಂತ ಹಾಕ್ಲಾ?"

"ಮೋಮಿಯ ಹೆಂಡತಿ ಅಂತ ಹಾಕಿದ್ರೆ ಮೋಮಿ ಆರಿಸ್ದ ಅನ್ಕೋತಾರೆ."

ಹಿಂದಿನಿಂದ ಯಾರೋ "ದೊಡ್ಡ ಬಾಯಿ ಅಂತ ಹಾಕು" ಎಂದರು, ಎಲ್ಲರೂ ನಕ್ಕರು, ಅತ್ತಿಗೆಯೂ ನಕ್ಕಳು. ನಮ್ಮೂರಲ್ಲಿ ಅಡ್ಡಹೆಸರು ಒಮ್ಮೆ ಪತ್ರಕ್ಕೆ ಬಂದರೆ ಗೋರಿಕಲ್ಲಿನವರೆಗೂ ಬರುತ್ತದೆ, ಮೊಮ್ಮಕ್ಕಳಿಗೂ ಅಂಟುತ್ತದೆ. ಆ ನಗು ಮುಗಿಯುವವರೆಗೆ ಕಾದೆ.

"ಸಾಂತೆಯ ಕಣ್ಣು ಅಂತ ಬರಿ," ಎಂದೆ.

ಯಾರೂ ನಗಲಿಲ್ಲ. ಫೌಸ್ತೊ ಒಂದು ಸಲ ನನ್ನ ಮುಖ ನೋಡಿದ, ಹತ್ತಿರ ಬಂದು ನೋಡಿದ, ನನ್ನ ಕಣ್ಣಿನಲ್ಲಿ ಏನು ಕಂಡಿತೋ. ಕೂತು ನಿಧಾನವಾಗಿ, ಒಂದೊಂದೇ ಅಕ್ಷರ ಹೇಳುತ್ತ ಬರೆದ. ಮುದ್ರೆ ಒತ್ತಿದ.

ದೋಣಿ ಹತ್ತುವವರೆಗೂ ಅತ್ತಿಗೆ ಮಾತಾಡಲಿಲ್ಲ. ದಡ ಬಿಟ್ಟ ಮೇಲೂ ಮಾತಾಡಲಿಲ್ಲ. ಹನ್ನೊಂದು ವರ್ಷ ನಾನು ಮಾತು ಬಿಟ್ಟಿದ್ದೆ, ಇವತ್ತು ಅವರು ಬಿಟ್ಟಿದ್ದು ಹದಿನೈದು ನಿಮಿಷ, ನನಗೆ ತಡೆಯಲಾಗಲಿಲ್ಲ. ಕೋಪವೇ ಎಂದು ಕೇಳಿದೆ. ಮೂಗು ಒರೆಸಿಕೊಂಡರು.

"ಮಂಗಳವಾರ ಬೆಳಗ್ಗೆ ಏಳಕ್ಕೆ ಆಸ್ಪತ್ರೆ," ಎಂದರು. "ಎಡಗಣ್ಣು ಮೊದಲು. ಹೆಸರು ಬರೆಸಿ ಮೂರು ವಾರ ಆಯ್ತು."

"ನಾನು ಒಪ್ಪಿರಲಿಲ್ಲವಲ್ಲ ಆಗ."

"ನಿನ್ನನ್ನ ಕೇಳಿದ್ದು ಯಾರು?" ಎಂದು ದೋಣಿಯ ಮೂತಿಯನ್ನು ಗುಡಿಸಲ ಕಡೆ ತಿರುಗಿಸಿದರು. ಆ ಮೂರು ಏಡಿಗಳು ಅಷ್ಟರಲ್ಲಿ ಚಿಪ್ಪು ಬಿಟ್ಟಿರುತ್ತವೆ, ತಕ್ಕಡಿ ಮುಚ್ಚಿದೆ, ಮಾರಲು ಆಗುವುದಿಲ್ಲ, ಮನೆಗೆ ತಂದು ಕರಿಯೋಣ, ಮೋಮಿಗೂ ಒಂದು ಕೊಡೋಣ ಎಂದರು. ಮೋಮಿಗೆ ಬೇಡ ಎಂದೆ. ದಾರಿಯುದ್ದಕ್ಕೂ ಅದರ ಮೇಲೇ ಜಗಳವಾಡಿದೆವು.